ಒಂದೇ ಅಪ್ಲಿಕೇಶನ್ ಸರ್ವರ್, ಹಲವು ವೆಬ್ ಕಂಟೇನರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಐದು ಪತ್ರಗಳು ಬಹುಮಟ್ಟಿಗೆ ಒಂದೇ ವಿಷಯವನ್ನು ಕುರಿತವಾಗಿದ್ದವು. ಒಂದು ಉತ್ತರ ಇನ್ನೊಂದಕ್ಕೆ ಆಧಾರವಾಗುವಂತಿರುವುದರಿಂದ ಅವನ್ನು ಬಿಡಿಬಿಡಿಯಾಗಿ ಪ್ರಕಟಿಸದೆ ಒಟ್ಟಿಗೆ ತೆಗೆದುಕೊಂಡಿದ್ದೇನೆ. ‘ಕಂಟೇನರ್’ ಎಂಬ ಪದವನ್ನು ಇಲ್ಲಿ ಜಾವಾ ಸರ್ವ್ಲೆಟ್ (ವೆಬ್ ಕೋರಿಕೆಗಳಿಗೆ ಉತ್ತರಿಸುವ ಜಾವಾ ಪ್ರೋಗ್ರಾಮ್) ಅಪ್ಲಿಕೇಶನ್‌ಗಳನ್ನು ನಡೆಸುವ ವೆಬ್ ಕಂಟೇನರ್ ಎಂಬ ಅರ್ಥದಲ್ಲಿ ಮಾತ್ರ ಬಳಸಿದ್ದೇನೆ; ಟಾಮ್‌ಕ್ಯಾಟ್, ಜೆಟ್ಟಿ ಇಂಥ ಅಪ್ಲಿಕೇಶನ್‌ಗಳನ್ನು ನಡೆಸುವ ಸರ್ವರ್ ತಂತ್ರಾಂಶಗಳು. ಡಾಕರ್‌ನಂಥ ವ್ಯವಸ್ಥೆಗಳ ಕಂಟೇನರ್ ಬೇರೆಯೇ ವಿಷಯ.

ಪ್ರಶ್ನೆ: ಸಾರ್ವಜನಿಕರ ಅಪ್ಲಿಕೇಶನ್ 8080ನೇ ಪೋರ್ಟ್‌ನಲ್ಲಿಯೂ ಸಿಬ್ಬಂದಿಗೆ ಮಾತ್ರ ಮೀಸಲಾದ ಆಡಳಿತದ ಅಪ್ಲಿಕೇಶನ್ 8081ನೇ ಪೋರ್ಟ್‌ನಲ್ಲಿಯೂ ಸಿಗಬೇಕೆಂದು ನಮ್ಮ ಟಾಮ್‌ಕ್ಯಾಟ್‌ಗೆ ಇನ್ನೊಂದು ಕನೆಕ್ಟರ್ ಸೇರಿಸಿದೆವು. ಈಗ ಎರಡೂ ಅಪ್ಲಿಕೇಶನ್‌ಗಳು ಎರಡೂ ಪೋರ್ಟ್‌ಗಳಲ್ಲಿ ತೆರೆದುಕೊಳ್ಳುತ್ತಿವೆ. ಇವನ್ನು ಬೇರ್ಪಡಿಸಲು ಒಂದೇ ಸರ್ವರ್‌ನಲ್ಲಿ ಎರಡು ಕಂಟೇನರ್‌ಗಳನ್ನು ನಡೆಸಲು ಸಾಧ್ಯವೇ?

ಉತ್ತರ: ಸಾಧ್ಯ. ಅದಕ್ಕಾಗಿ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ; ಟಾಮ್‌ಕ್ಯಾಟ್‌ನ ರಚನೆಯಲ್ಲಿಯೇ ಅದಕ್ಕೆ ಅವಕಾಶವಿದೆ. ಸರ್ವರ್.ಎಕ್ಸ್‌ಎಂಎಲ್ ಕಡತವನ್ನು ತೆರೆದು ನೋಡಿದರೆ ಎಲ್ಲಕ್ಕಿಂತ ಹೊರಗೆ ‘ಸರ್ವರ್’, ಅದರೊಳಗೆ ‘ಸರ್ವಿಸ್’, ಸರ್ವಿಸ್‌ನೊಳಗೆ ಒಂದು ಅಥವಾ ಹೆಚ್ಚು ‘ಕನೆಕ್ಟರ್’ಗಳು ಮತ್ತು ಒಂದೇ ಒಂದು ‘ಎಂಜಿನ್’, ಎಂಜಿನ್‌ನೊಳಗೆ ‘ಹೋಸ್ಟ್’ಗಳು ಇರುವುದು ಕಾಣುತ್ತದೆ, ಪ್ರತಿಯೊಂದು ಅಪ್ಲಿಕೇಶನ್ ಒಂದು ಹೋಸ್ಟ್‌ನ ಕೆಳಗೆ ‘ಕಾಂಟೆಕ್ಸ್ಟ್’ ಆಗಿ ನಿಲ್ಲುತ್ತದೆ. ಕನೆಕ್ಟರ್ ಎಂದರೆ ಬಾಗಿಲು, ಎಂಜಿನ್ ಎಂದರೆ ಮನೆ. ನೀವು ಮಾಡಿದ್ದು ಅದೇ ಮನೆಗೆ ಎರಡನೆಯ ಬಾಗಿಲು ಇಟ್ಟಂತಾಯಿತು. ಯಾವ ಬಾಗಿಲಿನಿಂದ ಒಳಗೆ ಬಂದರೂ ತಲುಪುವುದು ಅದೇ ಎಂಜಿನ್ ಅನ್ನು; ಹಾಗಾಗಿ ಎರಡೂ ಅಪ್ಲಿಕೇಶನ್‌ಗಳು ಎರಡೂ ಕಡೆ ಸಿಗುತ್ತವೆ. ಇದು ದೋಷವಲ್ಲ, ಟಾಮ್‌ಕ್ಯಾಟ್ ತನಗೆ ಹೇಳಿದ್ದನ್ನೇ ಮಾಡುತ್ತಿದೆ.

ನಿಮಗೆ ಬೇಕಾಗಿರುವುದು ಎರಡನೆಯ ಸರ್ವಿಸ್, ಅಂದರೆ ತನ್ನದೇ ಎಂಜಿನ್ ಇರುವ ಎರಡನೆಯ ಕಂಟೇನರ್. ಒಂದು ಸರ್ವರ್‌ನೊಳಗೆ ಎಷ್ಟು ಸರ್ವಿಸ್‌ಗಳನ್ನಾದರೂ ಇಡಬಹುದು, ಪ್ರತಿಯೊಂದಕ್ಕೂ ತನ್ನದೇ ಕನೆಕ್ಟರ್ ಮತ್ತು ತನ್ನದೇ ಎಂಜಿನ್ ಇರುತ್ತದೆ. ಹೀಗೆ ಬರೆಯುವಾಗ ಎರಡು ಸಂಗತಿಗಳನ್ನು ಮರೆತವರು ತುಂಬ ಜನ. ಮೊದಲನೆಯದಾಗಿ, ಎಂಜಿನ್‌ಗಳ ಹೆಸರು ಬೇರೆ ಬೇರೆಯಾಗಿರಬೇಕು. ನಿಗಾ ವ್ಯವಸ್ಥೆಯಾದ ಜೆಎಂಎಕ್ಸ್‌ನಲ್ಲಿ ಘಟಕಗಳು ನೋಂದಣಿಯಾಗುವುದೂ, ತಾತ್ಕಾಲಿಕ ಕಡತಗಳಿಗಾಗಿ ‘ವರ್ಕ್’ ಫೋಲ್ಡರ್‌ನ ಕೆಳಗೆ ಜಾಗ ನಿಗದಿಯಾಗುವುದೂ ಆ ಹೆಸರಿನಿಂದಲೇ. ಎರಡನೆಯದಾಗಿ, ಹೋಸ್ಟ್‌ನ ಅಪ್ಲಿಕೇಶನ್‌ಗಳಿರುವ ‘ಆ್ಯಪ್‌ಬೇಸ್’ ಫೋಲ್ಡರ್ ಬೇರೆಯಾಗಿರಬೇಕು. ಹಳೆಯ ಸರ್ವಿಸ್‌ನ ಸಾಲುಗಳನ್ನು ನಕಲು ಮಾಡಿ ಪೋರ್ಟ್ ಸಂಖ್ಯೆಯನ್ನಷ್ಟೇ ಬದಲಿಸಿದರೆ ಎರಡು ಎಂಜಿನ್‌ಗಳೂ ಅದೇ ‘ವೆಬ್‌ಆ್ಯಪ್ಸ್’ ಫೋಲ್ಡರ್ ಅನ್ನು ಓದುತ್ತವೆ, ಪ್ರತಿಯೊಂದು ಅಪ್ಲಿಕೇಶನ್ ಎರಡೆರಡು ಸಲ ಏಳುತ್ತದೆ, ಹಿನ್ನೆಲೆಯಲ್ಲಿ ನಿಗದಿತ ಹೊತ್ತಿಗೆ ನಡೆಯುವ ಕೆಲಸಗಳೂ ಎರಡೆರಡು ಸಲ ನಡೆಯುತ್ತವೆ. ಒಂದೇ ಮಿಂಚಂಚೆ ಬಳಕೆದಾರರಿಗೆ ಎರಡು ಸಲ ಹೋಗುತ್ತಿದೆ ಎಂಬ ದೂರಿನ ಬೆನ್ನು ಹತ್ತಿ ಹೋದಾಗ ಕೊನೆಗೆ ಈ ಒಂದು ಸಾಲಿಗೆ ಬಂದು ನಿಂತದ್ದನ್ನು ನಾನೇ ಕಂಡಿದ್ದೇನೆ.

ಆಡಳಿತದ ಕನೆಕ್ಟರ್‌ನಲ್ಲಿ ‘ಅಡ್ರೆಸ್’ ಎಂಬ ಗುಣವನ್ನೂ ಬರೆದು ಅದನ್ನು ಒಳಜಾಲದ ಐಪಿ ವಿಳಾಸಕ್ಕೆ ಮಾತ್ರ ಕಟ್ಟಿಹಾಕಿ. ಅದನ್ನು ಬರೆಯದಿದ್ದರೆ ಯಂತ್ರದ ಎಲ್ಲ ವಿಳಾಸಗಳಲ್ಲಿಯೂ ಆ ಪೋರ್ಟ್ ತೆರೆದಿರುತ್ತದೆ. ಪೋರ್ಟ್ ಸಂಖ್ಯೆ ಬೇರೆ ಎಂಬುದಷ್ಟೇ ರಕ್ಷಣೆಯಾಗುವುದಿಲ್ಲ.

ಬೇರೆ ಅಪ್ಲಿಕೇಶನ್ ಸರ್ವರ್‌ಗಳಲ್ಲಿಯೂ ಇದೇ ವ್ಯವಸ್ಥೆ ಬೇರೆ ಹೆಸರಿನಲ್ಲಿದೆ. ವೈಲ್ಡ್‌ಫ್ಲೈನಲ್ಲಿ ಅದರ ವೆಬ್ ಕಂಟೇನರ್ ಆದ ಅಂಡರ್‌ಟೋ ಉಪವ್ಯವಸ್ಥೆಯ ಕೆಳಗೆ ಒಂದಕ್ಕಿಂತ ಹೆಚ್ಚು ‘ಸರ್ವರ್’ಗಳನ್ನು ಘೋಷಿಸಿ, ಅಪ್ಲಿಕೇಶನ್ ಯಾವುದಕ್ಕೆ ಸೇರಬೇಕೆಂಬುದನ್ನು ಅದರ ಜೆಬಾಸ್-ವೆಬ್.ಎಕ್ಸ್‌ಎಂಎಲ್ ಕಡತದಲ್ಲಿ ತಿಳಿಸಬಹುದು. ಗ್ಲಾಸ್‌ಫಿಶ್‌ನಲ್ಲಿ ಇದಕ್ಕೆ ‘ವರ್ಚುವಲ್ ಸರ್ವರ್’ ಎನ್ನುತ್ತಾರೆ. 4848ನೇ ಪೋರ್ಟ್‌ನಲ್ಲಿ ಸಿಗುವ ಅದರ ಆಡಳಿತ ಫಲಕವೇ ಪ್ರತ್ಯೇಕ ವರ್ಚುವಲ್ ಸರ್ವರ್‌ನಲ್ಲಿ ನಡೆಯುತ್ತದೆ. ನೀವು ಬಯಸಿರುವ ವಿನ್ಯಾಸಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಪ್ರಶ್ನೆ: ಒಂದೇ ಯಂತ್ರದಲ್ಲಿ ಎರಡು ಕಂಟೇನರ್‌ಗಳನ್ನು 8080 ಮತ್ತು 8081ರಲ್ಲಿ ನಡೆಸುತ್ತಿದ್ದೇವೆ. ಮೊದಲನೆಯದರಲ್ಲಿ ಲಾಗಿನ್ ಆಗಿ, ಅದೇ ಬ್ರೌಸರ್‌ನಲ್ಲಿ ಎರಡನೆಯದನ್ನು ತೆರೆದು ಹಿಂದಿರುಗಿದರೆ ಮೊದಲನೆಯದು ಮತ್ತೆ ಲಾಗಿನ್ ಕೇಳುತ್ತದೆ. ಎರಡರ ಲಾಗ್‌ಗಳಲ್ಲಿಯೂ ಯಾವ ದೋಷವೂ ಇಲ್ಲ. ಕಂಟೇನರ್‌ಗಳು ಒಂದರ ಸೆಷನ್ ಅನ್ನು ಇನ್ನೊಂದು ಅಳಿಸುತ್ತಿವೆಯೇ?

ಉತ್ತರ: ಇಲ್ಲ. ಸರ್ವರ್‌ನಲ್ಲಿ ನಿಮ್ಮ ಎರಡು ಸೆಷನ್‌ಗಳೂ (ಲಾಗಿನ್ ಆದವರ ಬಗ್ಗೆ ಸರ್ವರ್ ಇಟ್ಟುಕೊಳ್ಳುವ ನೆನಪು) ಸುರಕ್ಷಿತವಾಗಿವೆ. ಅವುಗಳಿಗೆ ಕೀಲಿಯಾದ ಕುಕಿ, ಅಂದರೆ ಸರ್ವರ್ ಕೊಟ್ಟು ಬ್ರೌಸರ್ ಉಳಿಸಿಕೊಳ್ಳುವ ಚಿಕ್ಕ ಗುರುತು, ಬ್ರೌಸರ್‌ನಲ್ಲಿ ಕಳೆದುಹೋಗುತ್ತಿದೆ. ಈ ಪತ್ರ ನನಗೆ ಬಹಳ ಮುಖ್ಯವೆನಿಸಿತು, ಏಕೆಂದರೆ ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಎದುರಿಸುತ್ತಾರೆ, ಮತ್ತು ದೋಷ ಸರ್ವರ್‌ನಲ್ಲಿದೆ ಎಂದುಕೊಂಡು ದಿನಗಟ್ಟಲೆ ಅಲ್ಲಿಯೇ ಹುಡುಕುತ್ತಾರೆ.

ಬ್ರೌಸರ್ ಒಂದು ಕುಕಿಯನ್ನು ಗುರುತಿಸುವುದು ಅದರ ಹೆಸರು, ಅದು ಸೇರಿದ ಡೊಮೇನ್ ಮತ್ತು ಅದರ ಪಥ, ಈ ಮೂರರಿಂದ. ಪೋರ್ಟ್ ಸಂಖ್ಯೆ ಈ ಲೆಕ್ಕದಲ್ಲಿಯೇ ಇಲ್ಲ. ಕುಕಿಗಳು ಪೋರ್ಟ್‌ನ ಆಧಾರದ ಮೇಲೆ ಪ್ರತ್ಯೇಕತೆಯನ್ನು ಒದಗಿಸುವುದಿಲ್ಲ ಎಂದು 2011ರ ಆರ್‌ಎಫ್‌ಸಿ 6265 ಎಂಬ ಅಂತರಜಾಲ ಮಾನದಂಡ ಸ್ಪಷ್ಟವಾಗಿಯೇ ಹೇಳುತ್ತದೆ. ಸರ್ವ್ಲೆಟ್ ನಿಯಮಾವಳಿಯ ಪ್ರಕಾರ ಸೆಷನ್ ಕುಕಿಯ ರೂಢಿಯ ಹೆಸರು ‘ಜೆಸೆಷನ್‌ಐಡಿ’. ನಿಮ್ಮ ಎರಡೂ ಅಪ್ಲಿಕೇಶನ್‌ಗಳು ಮೂಲ ಪಥದಲ್ಲಿ, ಅಂದರೆ ಬರಿಯ ಓರೆಗೆರೆಯಲ್ಲಿ, ಕುಳಿತಿವೆ ಎಂದು ಊಹಿಸುತ್ತೇನೆ. ಹಾಗಿದ್ದರೆ ಮೂರು ಅಂಶಗಳೂ ಒಂದೇ ಆದವು. ಎರಡನೆಯ ಕಂಟೇನರ್‌ಗೆ ಹೋದಾಗ ಬ್ರೌಸರ್ ಮೊದಲನೆಯದರ ಸೆಷನ್ ಸಂಖ್ಯೆಯನ್ನೇ ಕಳಿಸುತ್ತದೆ. ಆ ಕಂಟೇನರ್‌ಗೆ ಅದು ಅಪರಿಚಿತವಾದುದರಿಂದ ಹೊಸ ಸೆಷನ್ ತೆರೆದು ಹೊಸ ಕುಕಿ ಕೊಡುತ್ತದೆ. ಹೊಸದು ಹಳೆಯದರ ಮೇಲೆ ಕೂರುತ್ತದೆ. ನೀವು ಮೊದಲನೆಯದಕ್ಕೆ ಹಿಂದಿರುಗಿದಾಗ ನಿಮ್ಮ ಕೈಯಲ್ಲಿರುವುದು ಬೇರೆ ಮನೆಯ ಬೀಗದ ಕೈ.

ಪರಿಹಾರ ಸರಳವಾದದ್ದು. 2009ರಲ್ಲಿ ಬಂದ ಸರ್ವ್ಲೆಟ್ 3.0 ಆವೃತ್ತಿಯಿಂದ ಈಚೆಗೆ ಸೆಷನ್ ಕುಕಿಯ ಹೆಸರನ್ನು ಅಪ್ಲಿಕೇಶನ್‌ನ ವೆಬ್.ಎಕ್ಸ್‌ಎಂಎಲ್ ಕಡತದಲ್ಲಿಯೇ ಬದಲಿಸಲು ಸಾಧ್ಯವಿದೆ: ‘ಸೆಷನ್-ಕಾನ್ಫಿಗ್’ ಅಂಶದ ಒಳಗಿನ ‘ಕುಕಿ-ಕಾನ್ಫಿಗ್’ನಲ್ಲಿ ಹೆಸರು ಕೊಟ್ಟರಾಯಿತು. ಟಾಮ್‌ಕ್ಯಾಟ್‌ನಲ್ಲಿ ಕಾಂಟೆಕ್ಸ್ಟ್‌ನ ‘ಸೆಷನ್‌ಕುಕಿನೇಮ್’ ಗುಣದಿಂದಲೂ ಇದನ್ನು ಮಾಡಬಹುದು; ಅಪ್ಲಿಕೇಶನ್ ಬೇರೆ ಹೆಸರು ಕೇಳಿದ್ದರೂ ಇಲ್ಲಿ ಬರೆದದ್ದೇ ನಡೆಯುತ್ತದೆ, ಆದ್ದರಿಂದ ಅಪ್ಲಿಕೇಶನ್‌ನ ಕಡತವನ್ನು ತಿದ್ದುವ ಅಧಿಕಾರ ನಿಮಗಿಲ್ಲದಿದ್ದರೂ ತೊಂದರೆಯಿಲ್ಲ. ಅಪ್ಲಿಕೇಶನ್‌ಗಳಿಗೆ ಬೇರೆ ಬೇರೆ ಪಥ ಕೊಟ್ಟರೂ ಘರ್ಷಣೆ ನಿಲ್ಲುತ್ತದೆ, ಏಕೆಂದರೆ ಟಾಮ್‌ಕ್ಯಾಟ್ ಕುಕಿಯ ಪಥವನ್ನು ಅಪ್ಲಿಕೇಶನ್‌ನ ಪಥಕ್ಕೆ ಹೊಂದಿಸುತ್ತದೆ. ಆದರೂ ಹೆಸರು ಬದಲಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಪಥ ಮುಂದೊಂದು ದಿನ ಬದಲಾಗಬಹುದು, ಆಗ ಈ ಕಾರಣ ಯಾರಿಗೂ ನೆನಪಿರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಮಾತು. ಒಮ್ಮೆ ಲಾಗಿನ್ ಆದರೆ ಎರಡೂ ಕಡೆ ನಡೆಯಬೇಕು ಎಂಬ ಆಸೆ ನಿಮಗಿದ್ದರೆ ಟಾಮ್‌ಕ್ಯಾಟ್‌ನ ‘ಸಿಂಗಲ್ ಸೈನ್ ಆನ್’ ವಾಲ್ವ್ (ಕೋರಿಕೆಗಳು ಹಾದುಹೋಗುವ ದಾರಿಯಲ್ಲಿ ಕೂರಿಸುವ ಘಟಕ) ಅದನ್ನು ಈಡೇರಿಸಲಾರದು. ಅದರ ವ್ಯಾಪ್ತಿ ಒಂದು ಹೋಸ್ಟ್‌ನ ಒಳಗಿನ ಅಪ್ಲಿಕೇಶನ್‌ಗಳಿಗೆ ಮುಗಿಯುತ್ತದೆ. ನಿಯಮಾವಳಿಯೂ ಸೆಷನ್ ಒಂದೇ ಅಪ್ಲಿಕೇಶನ್‌ಗೆ ಸೀಮಿತ ಎಂದು ಕಟ್ಟುಮಾಡಿದೆ. ಕಂಟೇನರ್‌ಗಳನ್ನು ದಾಟುವ ಲಾಗಿನ್ ಬೇಕಾದರೆ ಓಪನ್‌ಐಡಿ ಕನೆಕ್ಟ್‌ನಂಥ ಹೊರಗಿನ ಗುರುತು ಸೇವೆಯೊಂದನ್ನು ನೆಚ್ಚಿಕೊಳ್ಳಬೇಕು.

ಪ್ರಶ್ನೆ: ಎರಡು ಕಂಟೇನರ್‌ಗಳೂ 80ನೇ ಪೋರ್ಟ್‌ನಲ್ಲಿಯೇ ಸಿಗುವಂತೆ ಮಾಡಬಹುದೇ?

ಉತ್ತರ: ಎರಡೂ ನೇರವಾಗಿ ಅದನ್ನು ಹಿಡಿಯಲಾರವು, ಒಂದು ವಿಳಾಸದ ಒಂದು ಪೋರ್ಟ್ ಅನ್ನು ಒಂದು ಕಂಟೇನರ್ ಹಿಡಿದ ಮೇಲೆ ಎರಡನೆಯದು ‘ವಿಳಾಸ ಈಗಾಗಲೇ ಬಳಕೆಯಲ್ಲಿದೆ’ ಎಂಬ ಅರ್ಥದ ಬೈಂಡ್‌ಎಕ್ಸೆಪ್ಶನ್ ತೋರಿಸಿ ಹಿಂದೆ ಸರಿಯುತ್ತದೆ. ಯಂತ್ರಕ್ಕೆ ಎರಡು ಐಪಿ ವಿಳಾಸಗಳಿದ್ದರೆ ಒಂದೊಂದಕ್ಕೆ ಒಂದೊಂದನ್ನು ಕಟ್ಟಬಹುದು. ಇಲ್ಲದಿದ್ದರೆ ಎಂಜಿನ್‌ಎಕ್ಸ್ ಅಥವಾ ಅಪಾಚೆ ವೆಬ್ ಸರ್ವರ್ ಅನ್ನು ರಿವರ್ಸ್ ಪ್ರಾಕ್ಸಿಯಾಗಿ ಮುಂದೆ ನಿಲ್ಲಿಸಿ, ಹೋಸ್ಟ್ ಹೆಸರನ್ನೋ ಪಥವನ್ನೋ ನೋಡಿ ಒಳಗಿನ ಪೋರ್ಟ್‌ಗಳಿಗೆ ಹಂಚಿ. ಹಾಗೆ ಹಂಚುವಾಗ ಬಳಕೆದಾರರ ನಿಜವಾದ ಐಪಿ ವಿಳಾಸ ಕಂಟೇನರ್‌ಗೆ ಗೊತ್ತಾಗಬೇಕಾದರೆ ಟಾಮ್‌ಕ್ಯಾಟ್‌ನಲ್ಲಿ ‘ರಿಮೋಟ್‌ಐಪಿ’ ವಾಲ್ವ್ ಇರಲಿ.

ಹಳೆಯ ಕೈಪಿಡಿಗಳು ಇದಕ್ಕೆ 8009ನೇ ಪೋರ್ಟ್‌ನ ಎಜೆಪಿ (ಮುಂದಿನ ವೆಬ್ ಸರ್ವರ್ ಟಾಮ್‌ಕ್ಯಾಟ್ ಜೊತೆ ಮಾತಾಡುವ ಒಂದು ವಿಧಾನ) ಕನೆಕ್ಟರ್ ಅನ್ನು ಸೂಚಿಸುತ್ತವೆ. ಅವನ್ನು ಕಣ್ಣು ಮುಚ್ಚಿ ಅನುಸರಿಸಬೇಡಿ. 2020ರಲ್ಲಿ ‘ಗೋಸ್ಟ್‌ಕ್ಯಾಟ್’ ಎಂದು ಹೆಸರಾದ ಲೋಪ ಬೆಳಕಿಗೆ ಬಂದದ್ದು ಆ ಕನೆಕ್ಟರ್‌ನಿಂದಲೇ. ಆ ಪೋರ್ಟ್ ಹೊರಗಿನವರಿಗೆ ಸಿಕ್ಕರೆ ಅಪ್ಲಿಕೇಶನ್‌ನ ಒಳಗಿನ ಕಡತಗಳನ್ನು ಅವರು ಓದಬಹುದಾಗಿತ್ತು. ಟಾಮ್‌ಕ್ಯಾಟ್ 9.0.31ರಿಂದ ಎಜೆಪಿ ತಾನಾಗಿ ಯಂತ್ರದ ಒಳಗಿನ ವಿಳಾಸಕ್ಕೆ ಮಾತ್ರ ಕಟ್ಟಿಕೊಳ್ಳುತ್ತದೆ, ಗುಪ್ತಪದವನ್ನೂ ಕೇಳುತ್ತದೆ. ಸಾಮಾನ್ಯ ಎಚ್‌ಟಿಟಿಪಿ ಕನೆಕ್ಟರ್ ಸಾಕಾಗುವಲ್ಲಿ ಎಜೆಪಿಯ ಗೊಡವೆಯೇ ಬೇಡ.

ಪ್ರಶ್ನೆ: ನಮ್ಮ ಒಂದು ತಂಡ ಟಾಮ್‌ಕ್ಯಾಟ್ ಅನ್ನೂ ಇನ್ನೊಂದು ತಂಡ ಜೆಟ್ಟಿಯನ್ನೂ ನೆಚ್ಚಿಕೊಂಡಿದೆ. ಎರಡನ್ನೂ ಒಂದೇ ಜಾವಾ ಪ್ರಕ್ರಿಯೆಯೊಳಗೆ ಒಟ್ಟಿಗೆ ಎಬ್ಬಿಸಿದರೆ ಮೆಮೊರಿ ಉಳಿಯುತ್ತದೆ ಎಂಬ ಸಲಹೆ ಬಂದಿದೆ. ಇದು ಸರಿಯೇ?

ಉತ್ತರ: ಆಗುವ ಕೆಲಸವೇ, ಎರಡೂ ಕಂಟೇನರ್‌ಗಳನ್ನು ಬೇರೊಂದು ಪ್ರೋಗ್ರಾಮ್‌ನ ಒಳಗೆ ಕೂರಿಸಿ ನಡೆಸಲು ಬೇಕಾದ ಸೌಲಭ್ಯ ಎರಡರಲ್ಲಿಯೂ ಇದೆ. ಅಪ್ಲಿಕೇಶನ್ ಸರ್ವರ್ ಬೇರೆ, ಅದರೊಳಗಿನ ವೆಬ್ ಕಂಟೇನರ್ ಬೇರೆ ಎಂಬ ಕಲ್ಪನೆಯೂ ಹಳೆಯದೇ. ಜೆಬಾಸ್ ಬಹುಕಾಲ ಟಾಮ್‌ಕ್ಯಾಟ್‌ನಿಂದ ಹುಟ್ಟಿದ ಕಂಟೇನರ್ ಅನ್ನು ತನ್ನೊಳಗೆ ಇಟ್ಟುಕೊಂಡಿತ್ತು. 2014ರಲ್ಲಿ ವೈಲ್ಡ್‌ಫ್ಲೈ 8 ಎಂಬ ಹೆಸರಿನಲ್ಲಿ ಹೊರಬಂದಾಗ ಆ ಜಾಗಕ್ಕೆ ಅಂಡರ್‌ಟೋ ಬಂದಿತು. ಆದರೆ ಎರಡು ಬೇರೆ ಜಾತಿಯ ಕಂಟೇನರ್‌ಗಳನ್ನು ಒಂದೇ ಜೆವಿಎಂನಲ್ಲಿ (ಅಂದರೆ ಒಂದೇ ಜಾವಾ ಪ್ರಕ್ರಿಯೆಯಲ್ಲಿ) ಅಕ್ಕಪಕ್ಕ ಇಡಬೇಡಿ ಎಂದೇ ನಾನು ಹೇಳುತ್ತೇನೆ, ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಕೊಡಬೇಕು.

ಕಂಟೇನರ್‌ಗಳು ಕ್ಲಾಸ್‌ಲೋಡರ್‌ಗಳ (ಜಾವಾ ಕೋಡ್‌ನ ತುಣುಕುಗಳಾದ ಕ್ಲಾಸ್‌ಗಳನ್ನು ಓದಿಕೊಳ್ಳುವ ಘಟಕಗಳ) ಮೂಲಕ ತಮ್ಮ ಅಪ್ಲಿಕೇಶನ್‌ಗಳನ್ನು ಬೇರ್ಪಡಿಸುತ್ತವೆ. ಜಾವಾದಲ್ಲಿ ಒಂದು ಕ್ಲಾಸ್‌ನ ಗುರುತು ಅದರ ಹೆಸರಷ್ಟೇ ಅಲ್ಲ, ಅದನ್ನು ಓದಿಕೊಂಡ ಲೋಡರ್ ಕೂಡ. ಆದ್ದರಿಂದ ಒಂದೇ ಹೆಸರಿನ ಲೈಬ್ರರಿಯ ಎರಡು ಆವೃತ್ತಿಗಳು ಒಂದೇ ಪ್ರಕ್ರಿಯೆಯಲ್ಲಿ ಜಗಳವಿಲ್ಲದೆ ಬಾಳಬಲ್ಲವು. ಇದು ಗಟ್ಟಿ ಗೋಡೆಯೇ. ಆದರೆ ಆ ಗೋಡೆ ಜೆವಿಎಂನ ಸ್ವಂತ ಆಸ್ತಿಯ ಬಳಿ ನಿಂತುಹೋಗುತ್ತದೆ. ಸಿಸ್ಟಮ್ ಪ್ರಾಪರ್ಟಿಗಳು ಎಲ್ಲರಿಗೂ ಒಂದೇ. ಡೀಫಾಲ್ಟ್ ಟೈಮ್‌ಜೋನ್, ಡೀಫಾಲ್ಟ್ ಲೊಕೇಲ್ ಎಲ್ಲರಿಗೂ ಒಂದೇ. ಜಾವಾದ ಸ್ವಂತ ಲಾಗಿಂಗ್ ವ್ಯವಸ್ಥೆಯ ಲಾಗ್‌ಮ್ಯಾನೇಜರ್ ಒಂದೇ. ಟಾಮ್‌ಕ್ಯಾಟ್ ತನ್ನದೇ ಲಾಗ್‌ಮ್ಯಾನೇಜರ್ ಅನ್ನು ಆರಂಭದಲ್ಲಿಯೇ ಕೂರಿಸಲು ಬಯಸುತ್ತದೆ, ಜೊತೆಗಿರುವವರು ಅದನ್ನು ಒಪ್ಪಿಕೊಳ್ಳಲೇಬೇಕು. ಯುಆರ್‌ಎಲ್‌ಗಳನ್ನು ಅರ್ಥೈಸುವ ‘ಸ್ಟ್ರೀಮ್ ಹ್ಯಾಂಡ್ಲರ್ ಫ್ಯಾಕ್ಟರಿ’ಯನ್ನು ಒಂದು ಜೆವಿಎಂನಲ್ಲಿ ಒಮ್ಮೆ ಮಾತ್ರ ನಿಗದಿಪಡಿಸಬಹುದು, ಎರಡನೆಯ ಸಲ ಪ್ರಯತ್ನಿಸಿದವರಿಗೆ ದೋಷವೇ ಗತಿ. ಯಾವ ಕಂಟೇನರ್ ಮೊದಲು ಎದ್ದಿತು ಎಂಬುದರ ಮೇಲೆ ಇನ್ನೊಂದು ಏಳುವುದೋ ಇಲ್ಲವೋ ನಿರ್ಧಾರವಾಗುವ ಸ್ಥಿತಿ ಇದು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಇವು ಎಳೆದಾಡುವಾಗ ನಡುವೆ ಸಿಕ್ಕಿಬೀಳುವುದು ಅಪ್ಲಿಕೇಶನ್.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹೀಗೆಯೇ ಎರಡು ಕಂಟೇನರ್‌ಗಳು ಒಂದೇ ಪ್ರಕ್ರಿಯೆಯಲ್ಲಿದ್ದವು. ಒಂದು ದಿನದಿಂದ ವರದಿಗಳ ಅಪ್ಲಿಕೇಶನ್‌ನಲ್ಲಿ ಮಧ್ಯರಾತ್ರಿಯ ಆಸುಪಾಸಿನ ದಾಖಲೆಗಳೆಲ್ಲ ಹಿಂದಿನ ದಿನಾಂಕಕ್ಕೆ ಜಾರತೊಡಗಿದವು. ಆ ಅಪ್ಲಿಕೇಶನ್ ಅನ್ನು ಯಾರೂ ಮುಟ್ಟಿರಲಿಲ್ಲ. ಪಕ್ಕದ ಕಂಟೇನರ್‌ನಲ್ಲಿ ಹೊಸದಾಗಿ ಸೇರಿದ್ದ ಅಪ್ಲಿಕೇಶನ್ ಏಳುವಾಗ ಡೀಫಾಲ್ಟ್ ಟೈಮ್‌ಜೋನ್ ಅನ್ನು ಬದಲಿಸುವ ಒಂದೇ ಒಂದು ಸಾಲು ಅದಕ್ಕೆ ಕಾರಣವಾಗಿತ್ತು. ತನ್ನ ಮಟ್ಟಿಗೆ ಆ ಸಾಲು ತಪ್ಪೇನಲ್ಲ, ಪ್ರತ್ಯೇಕ ಪ್ರಕ್ರಿಯೆಯಲ್ಲಿದ್ದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ನಾವು ವರದಿಯ ಕೋಡ್ ಅನ್ನೇ ವಾರವಿಡೀ ಓದಿದೆವು.

ಇನ್ನು ಮೆಮೊರಿಯ ಮಾತು. ಉಳಿತಾಯ ಆಗುವುದು ನಿಜ, ಆದರೆ ಅದರ ಜೊತೆಗೆ ಹೀಪ್ (ಜೆವಿಎಂ ಅಪ್ಲಿಕೇಶನ್‌ಗಳಿಗೆ ಕೊಡುವ ಮೆಮೊರಿ) ಕೂಡ ಹಂಚಿಕೆಯಾಗುತ್ತದೆ. ಒಂದು ಅಪ್ಲಿಕೇಶನ್ ಮೆಮೊರಿಯನ್ನು ಸೋರಿಸಿದರೆ ‘ಔಟ್ ಆಫ್ ಮೆಮೊರಿ’ ದೋಷ ಬಂದು ಬಡಿಯುವುದು ಆ ಹೊತ್ತಿಗೆ ಮೆಮೊರಿ ಕೇಳಿದ ಯಾವ ಅಪ್ಲಿಕೇಶನ್‌ಗಾದರೂ ಸರಿ. ಬಳಕೆ ಮುಗಿದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಎಲ್ಲವನ್ನೂ ನಿಲ್ಲಿಸಿದಾಗ ಎರಡೂ ಕಂಟೇನರ್‌ಗಳು ನಿಲ್ಲುತ್ತವೆ. ಟಾಮ್‌ಕ್ಯಾಟ್‌ನ ಪ್ರತಿಯೊಂದು ಕನೆಕ್ಟರ್ ಬೇರೆ ಸೂಚನೆಯಿಲ್ಲದಿದ್ದರೆ 200 ಥ್ರೆಡ್‌ಗಳವರೆಗೆ ಬೆಳೆಯಬಲ್ಲದು. ಕನೆಕ್ಟರ್‌ಗಳು ಹೆಚ್ಚಿದಂತೆ ಆ ಮೊತ್ತವೂ ಏರುತ್ತದೆ, ಅವೆಲ್ಲ ಒಟ್ಟಿಗೆ ಡೇಟಾಬೇಸ್‌ನ ಬಾಗಿಲು ತಟ್ಟಿದರೆ ಏನಾಗುತ್ತದೆ ಎಂಬುದನ್ನೂ ಮೊದಲೇ ಲೆಕ್ಕ ಹಾಕಬೇಕು. ಯಾವುದೋ ಒಂದು ಅಪ್ಲಿಕೇಶನ್‌ನ ಕೋಡ್ ‘ಸಿಸ್ಟಮ್.ಎಕ್ಸಿಟ್’ ಎಂದು ಕರೆದರೆ ಪ್ರಕ್ರಿಯೆಯೇ ಮುಗಿಯುತ್ತದೆ. ಹಿಂದೆ ಇದನ್ನು ತಡೆಯಲು ಸೆಕ್ಯುರಿಟಿ ಮ್ಯಾನೇಜರ್ ಎಂಬ ಕಾವಲುಗಾರನಿದ್ದ. 2021ರ ಜಾವಾ 17 ಅದನ್ನು ತೆಗೆದುಹಾಕಲಿರುವ ಪಟ್ಟಿಗೆ ಸೇರಿಸಿತು, 2025ರ ಜಾವಾ 24 ಶಾಶ್ವತವಾಗಿ ನಿಷ್ಕ್ರಿಯಗೊಳಿಸಿತು. ಆದುದರಿಂದ ಪರಸ್ಪರ ನಂಬಿಕೆಯಿಲ್ಲದ ಇಬ್ಬರ ಕೋಡ್ ಅನ್ನು ಒಂದೇ ಜೆವಿಎಂನಲ್ಲಿಟ್ಟು, ಕಂಟೇನರ್ ಬೇರೆಯಲ್ಲವೇ ಎಂದು ಸಮಾಧಾನ ಪಡುವ ಕಾಲ ಇದಲ್ಲ.

ನಿಮ್ಮ ತಂಡಗಳು ತಂತಮ್ಮ ಕಂಟೇನರ್ ಅನ್ನು ತಂತಮ್ಮ ಪ್ರಕ್ರಿಯೆಯಲ್ಲಿ ನಡೆಸಲಿ. ಟಾಮ್‌ಕ್ಯಾಟ್‌ನ ಹಲವು ಪ್ರತಿಗಳು ಬೇಕಾದರೂ ತಂತ್ರಾಂಶವನ್ನು ಮತ್ತೆ ಮತ್ತೆ ನಕಲಿಸಬೇಕಾಗಿಲ್ಲ: ‘ಕ್ಯಾಟಲಿನಾ ಹೋಮ್’ ಒಂದೇ ಇದ್ದು, ಪ್ರತಿಯೊಂದು ಪ್ರತಿಗೂ ತನ್ನ ಸಂರಚನೆ, ಲಾಗ್, ಅಪ್ಲಿಕೇಶನ್‌ಗಳಿರುವ ‘ಕ್ಯಾಟಲಿನಾ ಬೇಸ್’ ಕೊಟ್ಟರೆ ಸಾಕು. ನಿಲುಗಡೆಯ ಸೂಚನೆ ಕೇಳುವ 8005ನೇ ಪೋರ್ಟ್ ಅನ್ನೂ ಪ್ರತಿಯೊಂದರಲ್ಲಿ ಬದಲಿಸುವುದನ್ನು ಮರೆಯಬೇಡಿ. ವೈಲ್ಡ್‌ಫ್ಲೈ ಆದರೆ ‘ಪೋರ್ಟ್ ಆಫ್‌ಸೆಟ್’ ಎಂಬ ಒಂದೇ ಸಂಖ್ಯೆ ಎಲ್ಲ ಪೋರ್ಟ್‌ಗಳನ್ನೂ ಒಟ್ಟಿಗೆ ಸರಿಸುತ್ತದೆ. 100 ಎಂದು ಕೊಟ್ಟರೆ 8080 ಎಂಬುದು 8180 ಆಗುತ್ತದೆ. ಮೆಮೊರಿಯ ಚಿಂತೆಯೂ ಮೊದಲಿನಷ್ಟು ದೊಡ್ಡದಲ್ಲ, ಏಕೆಂದರೆ ಕ್ಲಾಸ್ ಡೇಟಾ ಶೇರಿಂಗ್ ಎಂಬ ಸೌಲಭ್ಯದಿಂದ ಒಂದೇ ಯಂತ್ರದ ಹಲವು ಜೆವಿಎಂಗಳು ಜಾವಾದ ಮೂಲ ಕ್ಲಾಸ್‌ಗಳ ಮಾಹಿತಿಯನ್ನು ಹಂಚಿಕೊಂಡು ಓದುತ್ತವೆ, ಮತ್ತು 2018ರ ಜಾವಾ 10ರಿಂದ ಅಪ್ಲಿಕೇಶನ್‌ನ ಕ್ಲಾಸ್‌ಗಳಿಗೂ ಅದನ್ನು ಬಳಸಬಹುದು.

ಪ್ರಶ್ನೆ: ಹಾಗಿದ್ದರೆ ಮೊದಲ ಪತ್ರಕ್ಕೆ ಬೇಕಾದಂಥ ಎರಡು ಸರ್ವಿಸ್‌ಗಳ ವ್ಯವಸ್ಥೆಯೂ ಬೇಡವೇ? ನಮ್ಮದು ಇನ್ನೂ ಒಂದು ತೊಡಕು: ಹಳೆಯ ಅಪ್ಲಿಕೇಶನ್ ‘ಜಾವಾಎಕ್ಸ್’ ಹೆಸರಿನ ಸರ್ವ್ಲೆಟ್ ಪ್ಯಾಕೇಜುಗಳನ್ನೂ ಹೊಸದು ‘ಜಕಾರ್ತಾ’ ಹೆಸರಿನವನ್ನೂ ಬಳಸುತ್ತದೆ. ಇವೆರಡಕ್ಕೂ ಒಂದೇ ಸರ್ವರ್ ಸಾಕೇ?

ಉತ್ತರ: ಎರಡು ಸರ್ವಿಸ್‌ಗಳಿಗೂ ಅವುಗಳದೇ ಆದ ಸ್ಥಾನವಿದೆ. ಎರಡು ಅಪ್ಲಿಕೇಶನ್‌ಗಳೂ ಒಂದೇ ತಂಡದವು, ಒಟ್ಟಿಗೆ ಏಳುತ್ತವೆ, ಒಟ್ಟಿಗೆ ನಿಲ್ಲುತ್ತವೆ, ಒಂದು ಬಿದ್ದರೆ ಇನ್ನೊಂದರಿಂದ ಹೇಗೂ ಉಪಯೋಗವಿಲ್ಲ ಎಂದಾದರೆ ಅವನ್ನು ಒಂದೇ ಜೆವಿಎಂನಲ್ಲಿ ಎರಡು ಸರ್ವಿಸ್‌ಗಳಾಗಿ ಇಡುವುದು ಅಚ್ಚುಕಟ್ಟಾದ ವಿನ್ಯಾಸ. ಡೇಟಾಬೇಸ್ ಸಂಪರ್ಕಗಳ ಪೂಲ್ ಅನ್ನು ಸರ್ವರ್ ಮಟ್ಟದ ‘ಗ್ಲೋಬಲ್ ನೇಮಿಂಗ್ ರಿಸೋರ್ಸಸ್’ನಲ್ಲಿ ಒಮ್ಮೆ ಘೋಷಿಸಿದರೆ ಎರಡೂ ಅದನ್ನು ಹಂಚಿಕೊಳ್ಳಬಹುದು. ಒಂದನ್ನು ಮಾತ್ರ ಮರುಪ್ರಾರಂಭಿಸುವ ಅಗತ್ಯ ತಿಂಗಳಿಗೊಮ್ಮೆಯಾದರೂ ಬರುತ್ತದೆ ಎಂದಾದರೆ ಪ್ರಕ್ರಿಯೆಗಳನ್ನೇ ಬೇರ್ಪಡಿಸಿ.

ನಿಮ್ಮ ಎರಡನೆಯ ತೊಡಕಿಗೆ ಮೂಲ 2020ರ ಡಿಸೆಂಬರ್‌ನಲ್ಲಿ ಬಂದ ಜಕಾರ್ತಾ ಇಇ 9, ಅಂದರೆ ಸರ್ವ್ಲೆಟ್ ಮುಂತಾದವನ್ನು ಒಳಗೊಂಡ ನಿಯಮಾವಳಿಗಳ ಒಂದು ಆವೃತ್ತಿ. ಅದಕ್ಕಿಂತ ಹಿಂದಿನ ಆವೃತ್ತಿಯವರೆಗೆ ಸರ್ವ್ಲೆಟ್ ಪ್ಯಾಕೇಜುಗಳ ಹೆಸರು ‘ಜಾವಾಎಕ್ಸ್’ ಎಂದೇ ಆರಂಭವಾಗುತ್ತಿತ್ತು. ಅಲ್ಲಿಂದ ‘ಜಕಾರ್ತಾ’ ಎಂದಾಯಿತು. ಹೆಸರು ಬದಲಾದ ಮೇಲೆ ಜಾವಾದ ದೃಷ್ಟಿಯಲ್ಲಿ ಅವು ಸಂಬಂಧವೇ ಇಲ್ಲದ ಕ್ಲಾಸ್‌ಗಳು. ಟಾಮ್‌ಕ್ಯಾಟ್ 9 ಹಳೆಯದನ್ನು ಮಾತ್ರ, ಟಾಮ್‌ಕ್ಯಾಟ್ 10 ಹೊಸದನ್ನು ಮಾತ್ರ ಬಲ್ಲದು. ಒಂದೇ ಟಾಮ್‌ಕ್ಯಾಟ್‌ನಲ್ಲಿ ಎರಡು ಸರ್ವಿಸ್‌ಗಳನ್ನು ಮಾಡಿಕೊಂಡರೂ ಸರ್ವ್ಲೆಟ್ ಎಪಿಐ ಎಲ್ಲಕ್ಕೂ ಒಂದೇ ಆಗಿರುವುದರಿಂದ ಈ ಸಮಸ್ಯೆ ಬಗೆಹರಿಯುವುದಿಲ್ಲ.

ಎರಡು ದಾರಿಗಳಿವೆ. ಟಾಮ್‌ಕ್ಯಾಟ್ 10ರಲ್ಲಿ ‘ವೆಬ್‌ಆ್ಯಪ್ಸ್-ಜಾವಾಇಇ’ ಎಂಬ ಫೋಲ್ಡರ್ ಮಾಡಿ ಹಳೆಯ ಅಪ್ಲಿಕೇಶನ್ ಅನ್ನು ಅಲ್ಲಿಟ್ಟರೆ, ಸರ್ವರ್ ಅದರೊಳಗಿನ ಹೆಸರುಗಳನ್ನು ಹೊಸ ರೂಪಕ್ಕೆ ಪರಿವರ್ತಿಸಿ ನಡೆಸುತ್ತದೆ. ಕ್ಲಾಸ್‌ಗಳ ಹೆಸರನ್ನು ಅಕ್ಷರಗಳಾಗಿ ಹೊರಗೆಲ್ಲೋ, ಉದಾಹರಣೆಗೆ ಡೇಟಾಬೇಸ್‌ನಲ್ಲಿ, ಉಳಿಸಿಕೊಂಡಿರುವ ಅಪ್ಲಿಕೇಶನ್‌ಗಳಿಗೆ ಇದು ಸಾಲದು. ಪರಿವರ್ತಕಕ್ಕೆ ಅಲ್ಲಿಯವರೆಗೆ ಕೈ ಚಾಚಲು ಬರುವುದಿಲ್ಲ. ಎರಡನೆಯ ದಾರಿ 2023ರಲ್ಲಿ ಬಂದ ಜೆಟ್ಟಿ 12. ಇದರ ತಿರುಳು ಸರ್ವ್ಲೆಟ್ ಎಪಿಐಯನ್ನೇ ಅವಲಂಬಿಸಿಲ್ಲ. ಅದರ ಮೇಲೆ ಇಇ8, ಇಇ9, ಇಇ10 ಎಂಬ ಬೇರೆ ಬೇರೆ ‘ಎನ್ವಿರಾನ್‌ಮೆಂಟ್’ಗಳು ತಂತಮ್ಮ ಕ್ಲಾಸ್‌ಲೋಡರ್‌ಗಳೊಂದಿಗೆ ಒಂದೇ ಸರ್ವರ್‌ನಲ್ಲಿ ಏಕಕಾಲಕ್ಕೆ ನಡೆಯುತ್ತವೆ. ನಿಮ್ಮ ಹಳೆಯ ಅಪ್ಲಿಕೇಶನ್ ಇಇ8ರಲ್ಲಿ, ಹೊಸದು ಇಇ10ರಲ್ಲಿ, ಎರಡಕ್ಕೂ ಒಂದೇ ಪೋರ್ಟ್. ಒಂದು ಸರ್ವರ್‌ನೊಳಗೆ ಹಲವು ಕಂಟೇನರ್‌ಗಳು ಎಂಬ ಕಲ್ಪನೆ ಮೊದಲಿನಿಂದಲೇ ಯೋಚಿಸಿ ಕಟ್ಟಿದ ರೂಪದಲ್ಲಿ ಇರುವುದು ಇಲ್ಲಿ, ಹಾಗಾಗಿ ನಿಮ್ಮ ಸನ್ನಿವೇಶಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಇದಕ್ಕೆ ಕನಿಷ್ಠ ಜಾವಾ 17 ಬೇಕು. ಹಳೆಯ ಅಪ್ಲಿಕೇಶನ್‌ನ ಲೈಬ್ರರಿಗಳು ಜಾವಾ 8ರ ಕಾಲದವಾಗಿದ್ದರೆ ಸರ್ವರ್ ಬದಲಿಸುವ ಮೊದಲು ಅವು ಜಾವಾ 17ರಲ್ಲಿ ಏಳುತ್ತವೆಯೇ ಎಂಬುದನ್ನು ಪರೀಕ್ಷಾ ಯಂತ್ರದಲ್ಲಿ ನೋಡಿಕೊಳ್ಳಿ.